ಓರೆಸ್ಟನ ಅಲ್ಲಾಡದ ಗೋಡೆ

ಮರದ ಅಂಗಡಿಯ ಕೌಂಟರಿನಲ್ಲಿ ಮೂವತ್ತೊಂದು ವರ್ಷ ಕೂತವಳು ನಾನು. ವಿನ್ನಿಪೆಗ್ ನಗರದ ಉತ್ತರದ ಬೀದಿಗಳಲ್ಲಿ ಯಾರ ನೆಲಮಾಳಿಗೆಯಲ್ಲಿ ಯಾವ ಗೋಡೆ ಎದ್ದಿದೆ, ಅದರ ಹೊಟ್ಟೆಯೊಳಗೆ ಮರ ಇದೆಯೋ ತಗಡು ಇದೆಯೋ, ನನ್ನನ್ನು ಕೇಳಿ. ಯಾರ ಸಂಸಾರ ಕೆಟ್ಟಿದೆ ಎಂಬುದೂ ನನಗೆ ಮೊದಲೇ ಗೊತ್ತಾಗುತ್ತಿತ್ತು. ಗಂಡಸೊಬ್ಬ ಒಂಟಿಯಾಗಿ ಬಂದು, ನೆಲಮಾಳಿಗೆಯಲ್ಲಿ ಒಬ್ಬರು ಮಲಗುವಷ್ಟು ಕೋಣೆಗೆ ಎಷ್ಟು ಮರ ಬೇಕು ಎಂದು ತಲೆ ತಗ್ಗಿಸಿ ಕೇಳಿದರೆ ಇನ್ನೇನು ಉಳಿಯಿತು ಹೇಳಿ.

ಈಗ ಹೇಳಹೊರಟಿರುವುದು ಓರೆಸ್ಟ್ ಡಾನಿಲುಕನ ಸಂಗತಿ. ನಲವತ್ತನಾಲ್ಕು ವರ್ಷ ಮನೆಗಳಿಗೆ ಮರದ ಚೌಕಟ್ಟು ಎತ್ತಿದ ಬಡಗಿ. ನಮ್ಮಲ್ಲಿ ಮನೆ ಎಂದರೆ ಮೊದಲು ಮರದ ಎಲುಬುಗೂಡು, ಆಮೇಲೆ ಅದಕ್ಕೆ ಒಳಗೂ ಹೊರಗೂ ಹೊದಿಕೆ. ಆ ಎಲುಬುಗೂಡು ಎತ್ತುವುದರಲ್ಲಿ ಅವನನ್ನು ಮೀರಿಸಿದವರನ್ನು ನಾನು ಕಂಡಿಲ್ಲ. ಗೋಡೆ ಎದ್ದ ಕೂಡಲೇ ಅದಕ್ಕೆ ಅಂಗೈ ಊರಿ ಮೈಭಾರವನ್ನೆಲ್ಲ ಬಿಟ್ಟು ತಳ್ಳುತ್ತಿದ್ದ. ಒಂದಿಷ್ಟು ಅಲ್ಲಾಡಿತೋ, ಬಿಚ್ಚಿ ಮತ್ತೆ ಕಟ್ಟುತ್ತಿದ್ದ. ಮನುಷ್ಯ ಒಳ್ಳೆಯವನು, ಬಾಯಿ ಮಾತ್ರ ಒರಟು. ನನ್ನದೂ ಅಂಥದ್ದೇ ಬಾಯಿ, ಹಾಗಾಗಿ ನಾವಿಬ್ಬರೂ ಎದುರಾದಾಗಲೆಲ್ಲ ಜಗಳ. ಅವನ ಹೆಂಡತಿ ವರ್ನಾ ನನ್ನ ಗೆಳತಿ. ಪ್ರತಿ ಗುರುವಾರ ಚರ್ಚಿನ ಅಡುಗೆಮನೆಯಲ್ಲಿ ನಾವು ಏಳೆಂಟು ಮುದುಕಿಯರು ಸೇರಿ ಪೆರೋಗಿ ಎಂಬ ಆಲೂಗಡ್ಡೆ ಕಡುಬನ್ನು ಸಾವಿರಗಟ್ಟಲೆ ಮಡಿಸುತ್ತೇವೆ. ಊರಿನ ಸುದ್ದಿಯೆಲ್ಲ ಆ ಹಿಟ್ಟಿನ ಜೊತೆಯಲ್ಲೇ ನಾದಿ ಮುಗಿಯುತ್ತದೆ.

ಓರೆಸ್ಟ್ ಮತ್ತು ವರ್ನಾಗೆ ಒಬ್ಬಳೇ ಮಗಳು, ಸೋನ್ಯಾ. ಅವಳ ಬಗ್ಗೆ ಹೆಚ್ಚು ಹೇಳಲಾರೆ, ಹೇಳಿದರೆ ಕಣ್ಣು ತುಂಬುತ್ತದೆ. ಎತ್ತಿ ಆಡಿಸಿದ ಹುಡುಗಿ. ಮಾದಕ ಪುಡಿಯ ಚಟಕ್ಕೆ ಬಿದ್ದಳು, ಅಪ್ಪನ ಜೊತೆ ಕಿತ್ತಾಡಿ ಮನೆ ಬಿಟ್ಟಳು, ಇಬ್ಬರು ಹೆಣ್ಣುಮಕ್ಕಳನ್ನು ಹೆತ್ತಳು. ಒಂದು ಸೆಪ್ಟೆಂಬರಿನಲ್ಲಿ ಚಿಕ್ಕವಳಾದ ಟೆಸ್‌ಳನ್ನು ಬಾಡಿಗೆ ಮನೆಯ ಬಚ್ಚಲಿಗೆ ಕೂಡಿ, ಹೊರಗಿನಿಂದ ಚಿಲಕ ಹಾಕಿ ಎಲ್ಲಿಗೋ ಹೊರಟುಹೋದಳು. ಒಂದೂವರೆ ದಿನ. ದೊಡ್ಡವಳು ರೋಸಲಿ ಶಾಲೆಯ ಗೆಳತಿಯ ಮನೆಯಿಂದ ಬಂದು ನೋಡಿದಾಗಲೇ ಆ ಚಿಲಕ ತೆಗೆದದ್ದು. ಟೆಸ್‌ಗೆ ಆಗ ಐದು ತುಂಬಿ ಆರು, ರೋಸಲಿಗೆ ಹತ್ತು. ಮಕ್ಕಳ ರಕ್ಷಣೆಯ ಕಚೇರಿಯವರು ಇಬ್ಬರನ್ನೂ ಕರೆದುಕೊಂಡು ಹೋಗಿ, ನಗರದಲ್ಲೇ ಒಂದು ಸಾಕುಮನೆಯಲ್ಲಿಟ್ಟರು. ಸೋನ್ಯಾ ಪಶ್ಚಿಮದ ಕಡೆಗೆ ಹೋದಳೆಂದು ಸುದ್ದಿ, ಆಮೇಲೆ ಪತ್ತೆಯಿಲ್ಲ.

ಮೊಮ್ಮಕ್ಕಳು ನಮಗೆ ಬೇಕು ಎಂದು ಇಬ್ಬರೂ ಮುದುಕರು ಅರ್ಜಿ ಹಾಕಿದರು. ಅಕ್ಟೋಬರಿನಲ್ಲಿ ಕಚೇರಿಯಿಂದ ಮಿಸ್ ಮಾರ್ಷಾಂ ಎಂಬವರು ಮನೆ ನೋಡಲು ಬಂದರು. ಕೆಟ್ಟವರಲ್ಲ, ಮೆತ್ತಗೆ ಮಾತಾಡುವ ಹೆಂಗಸು. ಯುದ್ಧಕಾಲದಲ್ಲಿ ಕಟ್ಟಿದ ಪುಟ್ಟ ಮನೆ ಅದು: ಮಲಗುವ ಕೋಣೆ ಒಂದು, ಅಡುಗೆಮನೆ, ಹಜಾರ, ಕೆಳಗೆ ನೆಲಮಾಳಿಗೆ. ನಮ್ಮ ಕೋಣೆ ಮಕ್ಕಳಿಗಿರಲಿ, ನಾವು ಹಜಾರದ ಸೋಫಾದಲ್ಲಿ ಬಿದ್ದಿರುತ್ತೇವೆ ಎಂದಳು ವರ್ನಾ. ಹಾಗಾಗುವುದಿಲ್ಲ, ಮನೆಯ ಪ್ರತಿಯೊಬ್ಬರಿಗೂ ಸರಿಯಾದ ಮಲಗುವ ಕೋಣೆ ಇರಬೇಕೆಂದು ನಿಯಮ ಎಂದರು ಮಿಸ್ ಮಾರ್ಷಾಂ. ಓರೆಸ್ಟ್ ನೆಲಮಾಳಿಗೆಗೆ ಕರೆದೊಯ್ದು, ಹಗ್ಗಕ್ಕೆ ಪರದೆ ಕಟ್ಟಿ ಎರಡು ಮಂಚ ಹಾಕಿದ್ದನ್ನು ತೋರಿಸಿದ. ಆಕೆ ಸುತ್ತ ನೋಡಿ, ಇದೆಲ್ಲ ತಾತ್ಕಾಲಿಕ ಏರ್ಪಾಡಿನ ಹಾಗಿದೆ, ಈ ಮಕ್ಕಳು ತಾತ್ಕಾಲಿಕವಾದದ್ದನ್ನು ಬೇಕಾದಷ್ಟು ನೋಡಿದ್ದಾರೆ ಎಂದರಂತೆ. ಬೆಂಕಿ ಬಿದ್ದರೆ ಹಾರಿಕೊಳ್ಳುವಷ್ಟು ದೊಡ್ಡ ಕಿಟಕಿ, ನಾಲ್ಕು ಗೋಡೆ, ಒಂದು ಬಾಗಿಲು ಇರುವ ಕೋಣೆ ಆಗಬೇಕು. ಸಾಕುಮನೆಯವರು ಏಪ್ರಿಲ್ ಕೊನೆಗೆ ಊರು ಬಿಡುತ್ತಾರೆ. ಅಷ್ಟರೊಳಗೆ ಆದರೆ ಮಕ್ಕಳು ಇಲ್ಲಿಗೆ. ಇಲ್ಲದಿದ್ದರೆ ಎಲ್ಲಿ ಹಾಸಿಗೆ ಖಾಲಿ ಇದೆಯೋ ಅಲ್ಲಿಗೆ, ಅದೂ ಇಬ್ಬರಿಗೂ ಒಂದೇ ಕಡೆ ಸಿಗುವುದು ಕಷ್ಟ ಎಂದು ಮುಚ್ಚುಮರೆಯಿಲ್ಲದೆ ಹೇಳಿದರು.

ಆ "ತಾತ್ಕಾಲಿಕ" ಎಂಬ ಮಾತು ಓರೆಸ್ಟನಿಗೆ ನಾಟಿತು. ಮನೆಗಳನ್ನು ಎತ್ತಿ ನಿಲ್ಲಿಸಿದವನ ಮನೆಯಲ್ಲೇ ನಿಂತು ಇದು ನಿಲ್ಲುವಂಥದ್ದಲ್ಲ ಎಂದರೆ ಹೇಗಿರಬೇಡ. ಮರುದಿನವೇ ಗುದ್ದಲಿ ಹಿಡಿದ. ನೆಲ ಹೆಪ್ಪುಗಟ್ಟುವ ಮೊದಲೇ ಗೋಡೆಯ ಹೊರಮಗ್ಗುಲಿಗೆ ಎದೆಮಟ್ಟ ಗುಂಡಿ ತೋಡಿ, ಕಾಂಕ್ರೀಟ್ ಕೊರೆಸಿ, ದೊಡ್ಡ ಕಿಟಕಿ ಕೂರಿಸಿದ. ಅರವತ್ತೇಳು ವರ್ಷದವನು, ಎರಡು ವಾರ ಸೊಂಟ ಹಿಡಿದುಕೊಂಡು ನಡೆದ.

ಗೋಡೆಗೆ ಮರ ಕೇಳಲು ನನ್ನ ಕೌಂಟರಿಗೆ ಬಂದದ್ದು ಜನವರಿಯಲ್ಲಿ. ಹೊರಗೆ ಸೊನ್ನೆಗಿಂತ ಮೂವತ್ತು ಡಿಗ್ರಿ ಕೆಳಗಿನ ಚಳಿ, ಮೀಸೆಯಲ್ಲಿ ಮಂಜುಗಡ್ಡೆ. ನಾನು ನನಗೆ ತೋಚಿದ್ದು ಹೇಳಿದೆ. ನೆಲಮಾಳಿಗೆಯ ಕಾಂಕ್ರೀಟು ಬೆವರುತ್ತದೆ, ಮರ ಆ ನೀರು ಕುಡಿಯುತ್ತದೆ, ಬೂಸ್ಟು ಹಿಡಿಯುತ್ತದೆ, ಸೊಟ್ಟಗಾಗುತ್ತದೆ. ಈಗ ಎಲ್ಲರೂ ತಗಡಿನ ಪಟ್ಟಿ ಒಯ್ಯುತ್ತಾರೆ, ಹಗುರ, ನೆಟ್ಟಗಿರುತ್ತದೆ, ಕೊಳೆಯುವುದಿಲ್ಲ. ಒಂದು ಪಟ್ಟಿ ತೆಗೆದು ಕೌಂಟರಿನ ಮೇಲಿಟ್ಟೆ. ಅವನು ಅದನ್ನು ಎರಡು ಬೆರಳಲ್ಲಿ ಹಿಡಿದೆತ್ತಿ ಅಲ್ಲಾಡಿಸಿದ. ತಗಡು ದಡಬಡ ಸದ್ದು ಮಾಡಿತು.

"ಏನಿದು ಐರೀನ್? ನಾನೇನು ಬಿಸ್ಕತ್ತು ಡಬ್ಬ ಮಾಡ್ತಿದೀನಾ, ಮನೆ ಮಾಡ್ತಿದೀನಾ?" ಎಂದ.

ಸುತ್ತ ಇದ್ದವರೆಲ್ಲ ನಕ್ಕರು. ನನಗೆ ಮೈ ಉರಿಯಿತು. ಬೇಡದಿದ್ದರೆ ಬಿಡು ಮಾರಾಯ, ಹಳೇ ಕಾಲದವನು ನೀನು, ಮರವನ್ನೇ ಒಯ್ಯಿ ಎಂದೆ. ಅವನು ಅಂಗಳಕ್ಕೆ ಹೋಗಿ ಒಂದೊಂದೇ ಮರದ ತುದಿಗೆ ಕಣ್ಣಿಟ್ಟು, ನೆಟ್ಟಗಿರುವುದನ್ನೇ ಆರಿಸಿ ಐವತ್ತೆರಡು ತುಂಡು ತೆಗೆದ. ನೆಲಕ್ಕೆ ತಾಗುವ ಕಡೆಗೆ ಔಷಧಿ ಕುಡಿಸಿದ ಹಸಿರು ಮರ, ಗೋಡೆಯ ಬೆನ್ನಿಗೆ ತೇವ ತಡೆಯುವ ಫೋಮ್ ಹಲಗೆ, ಮೇಲೆ ಹೊದಿಸಲು ಜಿಪ್ಸಮ್ ಹಲಗೆ. ಆರಿಸುವುದರಲ್ಲಿ ಒಂದೂ ತಪ್ಪಿಲ್ಲ. ಬಿಲ್ಲು ಬರೆಯುತ್ತಾ ಬರೆಯುತ್ತಾ ನಾನು ಒಂದು ಕಡೆ ನಿಂತೆ. ಎಂಟಿಂಚಿನ ಮೊಳೆ ಪಟ್ಟಿಯಲ್ಲಿರಲಿಲ್ಲ.

ನಮ್ಮ ಊರಿನ ಮಣ್ಣು ಎರೆಮಣ್ಣು. ನೀರು ಕುಡಿದರೆ ಉಬ್ಬುತ್ತದೆ, ಒಣಗಿದರೆ ಕುಗ್ಗುತ್ತದೆ, ಅದರ ಮೇಲಿರುವ ನೆಲಮಾಳಿಗೆಯ ಕಾಂಕ್ರೀಟ್ ನೆಲವೂ ಜೊತೆಗೇ ಏರಿಳಿಯುತ್ತದೆ. ಹಾಗಾಗಿ ಇಲ್ಲಿ ನೆಲಮಾಳಿಗೆಯ ಗೋಡೆಯನ್ನು ನೆಲದ ಮೇಲೆ ನಿಲ್ಲಿಸುವುದಿಲ್ಲ, ಮೇಲಿನ ಜಂತಿಗಳಿಂದ ತೂಗುಬಿಡುತ್ತಾರೆ. ಗೋಡೆಯ ಪಾದಕ್ಕೂ ನೆಲಕ್ಕೂ ನಡುವೆ ಎರಡು ಬೆರಳಷ್ಟು ಜಾಗ. ಗೋಡೆ ಓಲಾಡದ ಹಾಗೆ ಅದರ ಪಾದದ ತೂತುಗಳಿಂದ ನೆಲಕ್ಕೆ ಉದ್ದನೆಯ ಮೊಳೆಗಳನ್ನು ಇಳಿಸಿ, ನೆಲ ಎದ್ದಾಗ ಮೊಳೆ ಮೇಲೆ ಜಾರುವಂತೆ ಬಿಡುತ್ತಾರೆ. ಮರವೋ ತಗಡೋ ಏನೇ ಇರಲಿ, ಈ ಜಾಗ ಬಿಡಲೇಬೇಕು. ಎಂಟಿಂಚಿನ ಮೊಳೆ ಒಯ್ಯದವನು ಜಾಗ ಬಿಡುತ್ತಿಲ್ಲ ಎಂದೇ ಅರ್ಥ.

ನನಗೆ ಗೊತ್ತಾಯಿತು. ಬಾಯಿ ತೆರೆಯಲಿಲ್ಲ. ಕಸುಬಿನವನಿಗೆ ಕೌಂಟರಿನಲ್ಲಿ ಬುದ್ಧಿ ಹೇಳುವುದು ನಮ್ಮಲ್ಲಿ ಅವಮಾನ ಮಾಡಿದ ಹಾಗೆ, ಅದು ನಿಜ. ಆದರೆ ನಾನು ಸುಮ್ಮನಿದ್ದದ್ದು ಮರ್ಯಾದೆಗಲ್ಲ. ನಾಲ್ಕು ಜನರೆದುರು ಬಿಸ್ಕತ್ತು ಡಬ್ಬ ಎಂದು ನಗಿಸಿದನಲ್ಲ, ಅನುಭವಿಸಲಿ ಎಂದುಕೊಂಡೆ. ಒಂದು ಬಾಗಿಲು ಬಿಗಿಯಾದೀತು, ಬಂದು ಹಲ್ಲು ಕಿರಿದಾನು, ಆಗ ನಾನೂ ನಗುವೆ ಎಂದು ಲೆಕ್ಕ ಹಾಕಿದ್ದೆ. ಈ ಮಾತು ಬರೆಯುವಾಗಲೂ ನನಗೆ ನಾಚಿಕೆ.

ಫೆಬ್ರವರಿಯಲ್ಲಿ ಕೋಣೆ ನೋಡಲು ಕರೆದರು. ನಿಜ ಹೇಳಬೇಕೆಂದರೆ, ಅಷ್ಟು ಚೆಂದದ ಕೋಣೆ ನಾನು ಯಾವ ನೆಲಮಾಳಿಗೆಯಲ್ಲೂ ಕಂಡಿಲ್ಲ. ತೆಳು ಹಳದಿ ಬಣ್ಣ, ಒಂದರ ಮೇಲೊಂದು ಎರಡು ಮಂಚ, ಏಣಿಯ ಮೆಟ್ಟಿಲಿಗೆ ಕಾಲು ಜಾರದಂತೆ ಬಟ್ಟೆ ಸುತ್ತಿದ್ದ. ಬಾಗಿಲನ್ನು ಅಂಗಡಿಯಿಂದ ತರದೆ ಹಳೆಯ ದಪ್ಪ ಹಲಗೆಗಳಿಂದ ತಾನೇ ಮಾಡಿದ್ದ. ವರ್ನಾ ನನ್ನ ಕೈ ಹಿಡಿದುಕೊಂಡು ಮಂಚದ ಹೊದಿಕೆ ತೋರಿಸಿದಳು, ಕಿಟಕಿ ತೋರಿಸಿದಳು, ಅವಳ ಮುಖದಲ್ಲಿ ಎಷ್ಟೋ ವರ್ಷದಿಂದ ಕಾಣದ ಕಳೆ. ಓರೆಸ್ಟ್ ಗೋಡೆಗೆ ಅಂಗೈ ಊರಿ ತಳ್ಳಿದ, ನನಗೂ ತಳ್ಳಲು ಹೇಳಿದ. ಗೋಡೆ ಇಷ್ಟೂ ಅಲುಗಲಿಲ್ಲ.

ಬಗ್ಗಿ ನೋಡಿದೆ. ಗೋಡೆ ನೆಲಕ್ಕೆ ಕಚ್ಚಿಕೊಂಡಿತ್ತು. ಆಗ ತಡೆಯಲಾರದೆ ಕೇಳಿಯೇ ಬಿಟ್ಟೆ, ಜಾಗ ಬಿಟ್ಟಿಲ್ಲವಲ್ಲ ಎಂದು. ಅವನು ಸಿಟ್ಟಾಗಲಿಲ್ಲ. ತೂಗುಬಿಟ್ಟ ಗೋಡೆಯ ಕೆಳಗಿಂದ ಚಳಿಗಾಳಿ ನುಗ್ಗುತ್ತದೆ, ಟೆಸ್‌ಗೆ ಎದೆ ಸೂಕ್ಷ್ಮ ಎಂದ. ಈ ಮನೆಯ ನೆಲ ತಾನು ಬಂದಾಗಿನಿಂದ ಮೂವತ್ತೆಂಟು ವರ್ಷ ಒಂದು ನೂಲಿನಷ್ಟೂ ಎದ್ದಿಲ್ಲ ಎಂದ. ಎರಡೂ ಸುಳ್ಳಲ್ಲ. ಆಮೇಲೆ ದನಿ ತಗ್ಗಿಸಿ ಇನ್ನೊಂದು ಮಾತು ಹೇಳಿದ.

"ಅವರು ಬಂದು ಕೈಯಿಟ್ಟು ನೋಡ್ತಾರೆ ಐರೀನ್. ಓಲಾಡೋ ಗೋಡೆ ತೋರಿಸಿ ಮಕ್ಕಳನ್ನ ಕೊಡಿ ಅಂತ ಹೇಗೆ ಕೇಳಲಿ?"

ವರ್ನಾ ಕೇಕ್ ಕತ್ತರಿಸಿ ಕರೆದಳು, ಮೇಲೆ ಹೋಗಿ ತಿಂದೆ.

ಮೂವತ್ತೆಂಟು ವರ್ಷ ಏಳದ ನೆಲ ಈ ವರ್ಷ ಏಕೆ ಏಳಬೇಕು ಎಂದರೆ, ಕಾರಣ ಅವನೇ ತೋಡಿದ ಗುಂಡಿ. ಕಿಟಕಿಯ ಹೊರಗಿನ ಆ ಗುಂಡಿಯ ತಳಕ್ಕೆ ಜಲ್ಲಿ ಹಾಕಿದ್ದನೇ ಹೊರತು ನೀರು ಹರಿದುಹೋಗಲು ದಾರಿ ಮಾಡಿರಲಿಲ್ಲ. ಬೇಸಿಗೆಯಲ್ಲಿ ಮಾಡೋಣ ಎಂದುಕೊಂಡಿದ್ದ. ಮಾರ್ಚ್ ಕಳೆದು ಹಿಮ ಕರಗತೊಡಗಿತು. ಚಾವಣಿಯ ಹಿಮ, ಅಂಗಳದ ಹಿಮ, ಎಲ್ಲ ಕರಗಿ ಆ ಗುಂಡಿಗೆ ಇಳಿಯಿತು, ಅಲ್ಲಿಂದ ನೆಲದಡಿಯ ಮಣ್ಣಿಗೆ. ಅಷ್ಟು ವರ್ಷ ಒಣಗಿ ಮಲಗಿದ್ದ ಎರೆಮಣ್ಣು ಒಂದೇ ಸಲಕ್ಕೆ ಹೊಟ್ಟೆ ತುಂಬ ಕುಡಿಯಿತು.

ಏಪ್ರಿಲ್ ಎರಡನೆಯ ಗುರುವಾರಕ್ಕೆ ಚರ್ಚಿನ ಅಡುಗೆಮನೆಗೆ ರಜೆ, ಅದಕ್ಕೇ ಬುಧವಾರವೇ ಸೇರಿದ್ದೆವು. ವರ್ನಾ ಕಡುಬು ಮಡಿಸುತ್ತಾ ಮಡಿಸುತ್ತಾ ಅತ್ತಳು. ಅಡುಗೆಮನೆಯ ಟೈಲ್ಸ್ ಬಿರುಕು ಬಿಟ್ಟಿದೆಯಂತೆ, ಕಪಾಟಿನ ಬಾಗಿಲು ಮುಚ್ಚುತ್ತಿಲ್ಲವಂತೆ, ಓರೆಸ್ಟ್ ದಿನಾ ಬೆಳಗ್ಗೆ ಎದ್ದು ಕೆಳಗೆ ಹೋಗಿ ಮಕ್ಕಳ ಕೋಣೆಯ ಬಾಗಿಲಿಗೆ ಹತ್ತರಿ ಹೊಡೆದು ಅಂಚು ಕೀಸುತ್ತಾನಂತೆ. ಯಾರಿಗೂ ಹೇಳಬೇಡ ಎಂದು ಆಣೆ ಹಾಕಿಸಿದ್ದಾನಂತೆ. ಶುಕ್ರವಾರ ಮಿಸ್ ಮಾರ್ಷಾಂ ಮಕ್ಕಳನ್ನೂ ಕರೆದುಕೊಂಡು ಕೊನೆಯ ಸಲ ನೋಡಲು ಬರುವವರಿದ್ದರು. ಅಂದು ಒಪ್ಪಿದರೆ ತಿಂಗಳ ಕೊನೆಗೆ ಮಕ್ಕಳು ಮನೆಗೆ.

ಹಿಟ್ಟಿನ ಕೈಯಲ್ಲೇ ಕಾರು ಹತ್ತಿದೆ. ಅವರ ಮನೆಗೆ ಹೋದರೆ, ಓರೆಸ್ಟ್ ನೆಲಮಾಳಿಗೆಯಲ್ಲಿ ಮಕ್ಕಳ ಕೋಣೆಯ ಬಾಗಿಲಿನ ಮುಂದೆ ನೆಲದ ಮೇಲೆ ಕೂತಿದ್ದ, ಸುತ್ತ ಮರದ ಸಿಬಿರು. ಬಾಗಿಲಿನ ಮೇಲಂಚು ಕೀಸಿ ಕೀಸಿ ಸೊಟ್ಟಗಾಗಿತ್ತು. ನೆಲ ಗೋಡೆಯನ್ನು ಎತ್ತುತ್ತಿತ್ತು, ಗೋಡೆ ಮೇಲಿನ ಮನೆಯನ್ನು ಎತ್ತುತ್ತಿತ್ತು, ನಡುವೆ ಬಾಗಿಲಿನ ಚೌಕಟ್ಟು ಸಿಕ್ಕಿಕೊಂಡಿತ್ತು. ಗೋಡೆಯ ಪಾದ ಕೊಯ್ದುಬಿಡು, ಎರಡು ದಿನದ ಕೆಲಸ, ನಾನೂ ನಿಲ್ಲುತ್ತೇನೆ ಎಂದೆ. ಬೇಡ ಎಂದ. ಜಿಪ್ಸಮ್ ಒಡೆದು, ಧೂಳೆದ್ದು, ಅರ್ಧ ಬಿಚ್ಚಿದ ಕೋಣೆಯನ್ನು ಶುಕ್ರವಾರ ತೋರಿಸಿದರೆ ಮತ್ತೆ ಆ ತಾತ್ಕಾಲಿಕವೇ ಆಗುತ್ತದೆ. ಹಾಗಾದರೆ ಫೋನ್ ಮಾಡಿ ಒಂದು ವಾರ ಕೇಳು ಎಂದೆ. ಆಗ ಅವನು ನನ್ನ ಕಡೆ ತಿರುಗಿದ. ಕಣ್ಣು ಕೆಂಪಾಗಿತ್ತು.

"ಮಕ್ಕಳನ್ನ ಒಯ್ಯೋ ಮೊದಲು ಸೋನ್ಯಾನೂ ಹೀಗೇ ಒಂದು ವಾರ ಒಂದು ವಾರ ಅಂತ ಕೇಳ್ತಿದ್ಲಂತೆ ಆ ಕಚೇರಿಯವರನ್ನ. ನನ್ನ ಬಾಯಲ್ಲಿ ಆ ಮಾತು ಬರಲ್ಲ. ಶುಕ್ರವಾರ ಒಂದು ದಾಟಲಿ, ಶನಿವಾರ ಪೂರಾ ಕೊಯ್ದು ಹಾಕ್ತೀನಿ."

ಶುಕ್ರವಾರ ಮಧ್ಯಾಹ್ನ ಎರಡಕ್ಕೆ ಬಂದರು. ವರ್ನಾ ಧೈರ್ಯಕ್ಕೆಂದು ನನ್ನನ್ನೂ ಕರೆದಿದ್ದಳು. ರೋಸಲಿ ಎತ್ತರದ, ಕಡಿಮೆ ಮಾತಿನ ಹುಡುಗಿ, ಬಂದವಳೇ ಅಜ್ಜಿಯ ಸೊಂಟ ತಬ್ಬಿಕೊಂಡಳು. ಟೆಸ್‌ಗೆ ಮುಂದಿನ ಎರಡು ಹಲ್ಲು ಬಿದ್ದಿದ್ದವು, ಅದನ್ನು ಎಲ್ಲರಿಗೂ ತೋರಿಸುತ್ತಾ ತಿರುಗಿದಳು. ಅಜ್ಜನನ್ನು ನಮ್ಮಲ್ಲಿ ಗೀಡೋ ಎನ್ನುತ್ತೇವೆ. "ಗೀಡೋ, ನನ್ನ ಮಂಚ ಮೇಲಿಂದೋ ಕೆಳಗಿಂದೋ?" ಎಂದು ಅವಳು ಕೇಳಿದ್ದೇ ತಡ, ಆ ಒರಟ ಬೆಣ್ಣೆಯಾಗಿಬಿಟ್ಟ. ಎಲ್ಲರೂ ಕೆಳಗಿಳಿದೆವು. ಮಿಸ್ ಮಾರ್ಷಾಂ ಕೋಣೆಯ ಮಧ್ಯೆ ನಿಂತು ಸುತ್ತಲೂ ನೋಡಿದರು, ಕಿಟಕಿ ತೆರೆದು ಮುಚ್ಚಿದರು. ಗೋಡೆಗೆ ಕೈಯಿಡಲೇ ಇಲ್ಲ. ತುಂಬಾ ಚೆನ್ನಾಗಿದೆ ಮಿಸ್ಟರ್ ಡಾನಿಲುಕ್ ಎಂದರು. ವರ್ನಾ ಉಟ್ಟಿದ್ದ ಅಡುಗೆಯ ಏಪ್ರನ್ನಿನಲ್ಲೇ ಕಣ್ಣೊರೆಸಿಕೊಂಡಳು.

ಕೋಕೋ ಕುಡಿಯಲು ಎಲ್ಲರೂ ಮೇಲೆ ಹೋದೆವು. ಟೆಸ್ ಮಾತ್ರ ಗೊಂಬೆಯನ್ನು ಮಂಚದಲ್ಲಿ ಮಲಗಿಸಿ ಬರುತ್ತೇನೆಂದು ಕೆಳಗೇ ಉಳಿದಳು. ಬಾಗಿಲು ತೆರೆದೇ ಇರಲಿ ಎಂದು ಓರೆಸ್ಟ್ ಅದಕ್ಕೊಂದು ಮರದ ಬೆಣೆ ಕೊಟ್ಟು ಬಂದಿದ್ದ. ಮಗು ಬೆಣೆಯನ್ನು ಆಟಿಕೆಯೆಂದುಕೊಂಡು ಎತ್ತಿಕೊಂಡಿತೋ, ಕಾಲು ತಾಗಿತೋ, ಕೇಳಿದವರಿಲ್ಲ. ಬಾಗಿಲು ದಢ್ ಎಂದು ಬಿದ್ದ ಸದ್ದು ಮೇಲಕ್ಕೆ ಕೇಳಿಸಿತು.

ಮೊದಲು ಓಡಿದ್ದು ರೋಸಲಿ. ಕೋಕೋ ಚೆಲ್ಲಿ, ಕುರ್ಚಿ ಉರುಳಿಸಿ ಓಡಿದಳು. ನಾವು ಇಳಿಯುವಷ್ಟರಲ್ಲಿ ಹಿಡಿ ಹಿಡಿದು ಎಳೆಯುತ್ತಾ ನೂಕುತ್ತಾ ಚೀರುತ್ತಿದ್ದಳು. ಬಾಗಿಲು ಚೌಕಟ್ಟಿನಲ್ಲಿ ಕಚ್ಚಿಕೊಂಡಿತ್ತು. ಒಳಗಿಂದ ಅಳು ಇಲ್ಲ, ಕೂಗು ಇಲ್ಲ. ಅಳುವ ಮಗುವಾದರೆ ಸಮಾಧಾನ. ಆ ಮಗು ಒಂದು ಸದ್ದೂ ಮಾಡಲಿಲ್ಲ. ಬಚ್ಚಲಲ್ಲಿ ಕೂಡಿಹಾಕಿದಾಗಲೂ ಹೀಗೇ ಸುಮ್ಮನಿದ್ದಳಂತೆ, ಪಕ್ಕದ ಮನೆಯವರಿಗೂ ಗೊತ್ತಾಗಿರಲಿಲ್ಲ.

ಓರೆಸ್ಟ್ ಹೆಗಲು ಕೊಟ್ಟು ಎರಡು ಸಲ ಗುದ್ದಿದ. ತಾನೇ ಮಾಡಿದ ಬಾಗಿಲು, ಅದು ಜಗ್ಗುತ್ತದೆಯೇ. ಮಿಸ್ ಮಾರ್ಷಾಂ ಹೊರಗೋಡಿ ಕಿಟಕಿಯ ಗುಂಡಿಗಿಳಿದರು. ಮೊಣಕಾಲುಮಟ್ಟ ಹಿಮದ ನೀರು, ಕಿಟಕಿಯ ಚಿಲಕ ಒಳಗೆ. ಒದ್ದೆಯಾಗಿ ಮರಳಿ ಬಂದು, ಅಗ್ನಿಶಾಮಕದವರಿಗೆ ಫೋನ್ ಮಾಡಿದೆ, ಹತ್ತು ನಿಮಿಷ, ಅಷ್ಟರವರೆಗೆ ಅಕ್ಕ ಬಾಗಿಲ ಹತ್ತಿರ ಕೂತು ಮಾತಾಡುತ್ತಿರಲಿ, ಮಗುವಿಗೆ ಹೆದರಿಕೆಯಾಗುವಂಥದ್ದು ಏನೂ ಮಾಡಬೇಡಿ ಎಂದರು. ಓರೆಸ್ಟನ ಕೈಯಲ್ಲಿ ಆಗಲೇ ಕರೆಂಟ್ ಗರಗಸ ಇತ್ತು. ಬೇಡ ಓರೆಸ್ಟ್ ಎಂದಳು ವರ್ನಾ. ನಾನೂ ತೋಳು ಹಿಡಿದೆ, ಕೊಡವಿಕೊಂಡ. ಹತ್ತು ನಿಮಿಷ ಅವನಿಗೆ ಹತ್ತು ವರ್ಷ. ಮೊಣಕಾಲೂರಿ, ಬಾಗಿಲ ಪಕ್ಕದ ಗೋಡೆಯ ಬುಡಕ್ಕೆ ಗರಗಸ ಕೊಟ್ಟ.

ನೆಲಮಾಳಿಗೆಯ ನಾಲ್ಕು ಗೋಡೆಯೊಳಗೆ ಕಿವಿ ಹರಿಯುವ ಸದ್ದು, ಹಳದಿ ಬಣ್ಣದ ಧೂಳು, ಮರ ಸುಟ್ಟ ವಾಸನೆ. ಮೂರು ಮರಗಳ ಪಾದ ಕೊಯ್ದ. ಮೂರನೆಯದಕ್ಕೆ ಗೋಡೆ ಗುಂಡು ಹೊಡೆದಂತೆ ಸಿಡಿದು ಅರ್ಧ ಅಂಗುಲ ಕುಸಿಯಿತು, ಬಾಗಿಲು ಸಡಿಲವಾಯಿತು. ಗರಗಸ ಹಿಡಿದುಕೊಂಡೇ ಒಳಗೆ ನುಗ್ಗಿದ. ಅದರ ಅಲಗು ಇನ್ನೂ ಓಡುತ್ತಿತ್ತು.

ಟೆಸ್ ಕೆಳಗಿನ ಮಂಚದಡಿ, ಮೂಲೆಯಲ್ಲಿ ಗೋಡೆಗೆ ಅಂಟಿಕೊಂಡಿದ್ದಳು. ಚಡ್ಡಿ ಒದ್ದೆಯಾಗಿತ್ತು. ಬಾ ಪುಟ್ಟಿ, ಗೀಡೋ ಬಂದೆ, ಬಾ ಎಂದು ಬಗ್ಗಿ ಕೈ ಚಾಚಿದ. ಮಗು ಆ ಕೈಯನ್ನು ನೋಡಿತು, ಗರಗಸ ನೋಡಿತು, ಧೂಳು ಮೆತ್ತಿದ ಆ ಮುಖ ನೋಡಿತು. ನೆಲದ ಮೇಲೆ ತೆವಳಿ ಮಂಚದ ಇನ್ನೊಂದು ಕಡೆಯಿಂದ ಹೊರಬಂದು, ಓಡಿಹೋಗಿ ಮಿಸ್ ಮಾರ್ಷಾಂ ಅವರ ಒದ್ದೆ ಕಾಲನ್ನು ಅಪ್ಪಿಕೊಂಡಿತು.

ಅವರೆಲ್ಲ ಹೋದ ಮೇಲೆ ಓರೆಸ್ಟ್ ಹಿತ್ತಲ ಮೆಟ್ಟಿಲ ಮೇಲೆ ಕೂತ. ಪಕ್ಕದಲ್ಲಿ ಕೂತು, ತಡೆಯಲಾಗದೆ, ಮೊಳೆ ಒಯ್ಯದ್ದನ್ನು ಜನವರಿಯಲ್ಲೇ ನೋಡಿದ್ದೆ, ಸಿಟ್ಟಿಗೆ ಸುಮ್ಮನಿದ್ದೆ ಎಂದು ಹೇಳಿದೆ. ಬೈಯುತ್ತಾನೆ, ಹೊಡೆದರೂ ಹೊಡೆಯಲಿ ಎಂದುಕೊಂಡಿದ್ದೆ. ನೀನು ಹೇಳಿದ್ದರೂ ನಾನು ಕೇಳುತ್ತಿರಲಿಲ್ಲ ಬಿಡು ಎಂದ. ಕ್ಷಮಿಸಿದ್ದಲ್ಲ ಅದು, ಇದ್ದದ್ದನ್ನು ಹೇಳಿದ್ದು. ನನಗೆ ಅದರಿಂದ ಒಂದಿಷ್ಟೂ ಹಗುರವಾಗಲಿಲ್ಲ.

ಶನಿವಾರದಿಂದ ಒಂದು ವಾರ ಹಗಲೆಲ್ಲ ದುಡಿದು ಗೋಡೆಗಳನ್ನೆಲ್ಲ ಕೊಯ್ದು, ಮೇಲಿಂದ ತೂಗುಬಿಟ್ಟು ಸರಿಮಾಡಿದ. ಗುಂಡಿಯ ನೀರಿಗೆ ಕೊಳವೆ ಹಾಕಿದ. ಆದಷ್ಟು ಬೇಗ ಮತ್ತೊಮ್ಮೆ ಬಂದು ನೋಡಿ ಎಂದು ವರ್ನಾ ದಿನಕ್ಕೆ ಎರಡು ಸಲ ಕಚೇರಿಗೆ ಫೋನ್ ಮಾಡಿದಳು. ಅವರು ಬರಲಿಲ್ಲ, ತಿಂಗಳ ಕೊನೆಯ ವಾರ ಇವರನ್ನೇ ಕರೆಸಿದರು. ಕಾರು ನಾನೇ ಓಡಿಸಿದೆ, ಜೊತೆಯವರು ಒಬ್ಬರು ಕೂರಬಹುದು ಎಂದದ್ದರಿಂದ ಒಳಗೂ ಹೋದೆ.

ಮಿಸ್ ಮಾರ್ಷಾಂ ನೇರವಾಗಿ ವಿಷಯಕ್ಕೆ ಬಂದರು. ಕೋಣೆಯ ಬಗ್ಗೆ ತಮಗೆ ತಕರಾರಿಲ್ಲ. ರೋಸಲಿ ಗೀಡೋ ಮನೆಗೇ ಹೋಗುತ್ತೇನೆ ಎನ್ನುತ್ತಿದ್ದಾಳೆ, ಅವಳನ್ನು ಸೋಮವಾರವೇ ಕಳಿಸಬಹುದು. ಟೆಸ್ ಒಪ್ಪುತ್ತಿಲ್ಲ. ಕೋಣೆ ಬೇಡದಿದ್ದರೆ ಬೇಡ, ನಮ್ಮ ಕೋಣೆ ಕೊಡುತ್ತೇವೆ, ನಾವೇ ಕೆಳಗೆ ಮಲಗುತ್ತೇವೆ ಎಂದು ವರ್ನಾ ಮಧ್ಯೆ ಬಾಯಿ ಹಾಕಿದಳು. ಅವಳು ಹೆದರಿರುವುದು ಕೋಣೆಗಲ್ಲ ಮಿಸೆಸ್ ಡಾನಿಲುಕ್ ಎಂದರು ಆಕೆ. ಓರೆಸ್ಟ್ ತನ್ನ ಎರಡೂ ಕೈಗಳನ್ನು ಮೇಜಿನ ಕೆಳಗೆ ಇಳಿಸಿಕೊಂಡ.

ಇನ್ನೊಂದು ದಾರಿಯನ್ನೂ ಹೇಳಿದರು. ಎರಡೂವರೆ ಗಂಟೆ ದೂರದ ಬ್ರ್ಯಾಂಡನ್ ಪಟ್ಟಣದಲ್ಲಿ ಒಂದು ಮನೆಯವರು ಅಕ್ಕತಂಗಿ ಇಬ್ಬರನ್ನೂ ಇಟ್ಟುಕೊಳ್ಳಲು ಮುಂದೆ ಬಂದಿದ್ದಾರೆ. ಒಂದೆರಡು ತಿಂಗಳಿಗಲ್ಲ, ದೊಡ್ಡವರಾಗುವವರೆಗೆ. ರೋಸಲಿ ನಿಮ್ಮಲ್ಲಿಗೆ ಬಂದು ಟೆಸ್ ಒಬ್ಬಳೇ ಆದರೆ ಅವರಿಗೆ ಆಗದು, ಅವಳಿಗೆ ಬೇರೆ ಕಡೆ ಹುಡುಕಬೇಕು, ಎಲ್ಲಿ ಎಂದು ತಮಗೂ ಗೊತ್ತಿಲ್ಲ. ಅಕ್ಕ ಪಕ್ಕದಲ್ಲಿಲ್ಲದಿದ್ದರೆ ಆ ಮಗು ಈಗ ಕಣ್ಣೇ ಮುಚ್ಚುವುದಿಲ್ಲ. ಯೋಚಿಸಿ, ನಾಳೆ ಹೇಳಿ ಎಂದರು.

ಒಬ್ಬಳಾದರೂ ಬರಲಿ ಎಂದು ನನ್ನ ಮನಸ್ಸು ಹೇಳುತ್ತಿತ್ತು. ವರ್ನಾಳ ಮುಖದಲ್ಲೂ ಅದೇ ಇತ್ತು. ರೋಸಲಿ ಎಂದು ಬಾಯಿ ತೆರೆದೂ ಇದ್ದಳು. ಆರು ತಿಂಗಳು ಸೊಂಟ ಮುರಿದುಕೊಂಡವನು, ಮನೆಗೆ ಬರುತ್ತೇನೆ ಎಂದ ಮೊಮ್ಮಗಳನ್ನು ಬೇಡ ಎನ್ನುತ್ತಾನೆಂದು ಯಾರು ಎಣಿಸಿಯಾರು?

"ನಾಳೆ ಯಾಕೆ," ಎಂದ ಓರೆಸ್ಟ್. "ಇಬ್ಬರನ್ನೂ ಒಟ್ಟಿಗೇ ಕಳಿಸಿ. ಬ್ರ್ಯಾಂಡನ್‌ಗೇ ಕಳಿಸಿ. ರೋಸಲಿಗೆ ನಾನು ಬೇಡ ಅಂದೆ ಅಂತ ಹೇಳಿ, ತಂಗಿ ಮೇಲೆ ಸಿಟ್ಟು ಮಾಡ್ಕೊಳ್ಳೋದು ಬೇಡ."

ಮಿಸ್ ಮಾರ್ಷಾಂ ಕಾಗದ ಮುಂದೆ ಸರಿಸಿದರು. ಅವನು ಎಲ್ಲಿ ಎಂದು ಕೇಳಿ, ಆಕೆ ಬೆರಳಿಟ್ಟು ತೋರಿಸಿದ ಕಡೆ ನಿಧಾನವಾಗಿ ಹೆಸರು ಬರೆದ. ವರ್ನಾ ಅವನನ್ನೇ ನೋಡುತ್ತಾ ಕೂತಿದ್ದಳು. ನಲವತ್ತು ವರ್ಷದ ಸಂಸಾರದಲ್ಲಿ ಅವಳು ಅವನಿಗೆ ಎದುರಾಡಿದ್ದನ್ನು ನಾನು ಕೇಳಿರಲಿಲ್ಲ.

"ಗೋಡೆ ಕಟ್ಟುವಾಗಲೂ ನನ್ನ ಕೇಳ್ಲಿಲ್ಲ," ಎಂದಳು. "ಈಗ ಮಕ್ಕಳನ್ನೂ ನನ್ನ ಕೇಳದೇ ಕೊಟ್ಬಿಟ್ಟೆ."

ವರ್ನಾ ಅವನ ಕೈಯಿಂದ ಪೆನ್ನು ತೆಗೆದುಕೊಂಡು, ಅವನ ಹೆಸರಿನ ಕೆಳಗೆ ತಾನೂ ಸಹಿ ಹಾಕಿದಳು.